ಮೈಸೂರಿನ ಹಿತ್ತಲಲ್ಲಿ ಇಕ್ಯೂ6-ಆರ್ ಪ್ರೊ ಮೌಂಟ್

ಬೆಳಕು ಏರಿಳಿಯುವ ಚಂಚಲ ನಕ್ಷತ್ರಗಳನ್ನು ಮನೆಯಿಂದಲೇ ಅಳೆಯಬಯಸುವವರು ದೂರದರ್ಶಕಕ್ಕಿಂತ ಮೊದಲು, ಅದನ್ನು ಹೊತ್ತು ಆಕಾಶದ ವೇಗಕ್ಕೆ ತಿರುಗಿಸುವ ಮೌಂಟ್‌ಗೆ ಹಣ ತೆಗೆದಿಡಬೇಕು. ಬೋಗಾದಿಯ ನಮ್ಮ ಹಿತ್ತಲಿನ ವೀಕ್ಷಣಾಲಯದಲ್ಲಿ ಸ್ಕೈವಾಚರ್ ಕಂಪನಿಯ ಇಕ್ಯೂ6-ಆರ್ ಪ್ರೊ ಬಳಸಿದ ಮೇಲೆ ಈ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಮುಕ್ಕಾಲಿ ಬಿಟ್ಟು ಇದರ ತಲೆಯೊಂದೇ 17.3 ಕಿಲೋ ತೂಗುತ್ತದೆ. 20 ಕಿಲೋವರೆಗೆ ಹೊರಬಲ್ಲದು. ಎಂಟು ಇಂಚಿನ ನ್ಯೂಟೋನಿಯನ್ ಎಂಬ ಕನ್ನಡಿ ದೂರದರ್ಶಕ, ಕಪ್ಪುಬಿಳುಪು ಕ್ಯಾಮೆರಾ, ಹಸಿರು-ಹಳದಿ ಬೆಳಕನ್ನಷ್ಟೇ ಬಿಡುವ ವಿ ಫಿಲ್ಟರ್ ಎಲ್ಲ ಸೇರಿದರೂ ಅದಕ್ಕೆ ಭಾರವೆನಿಸುವುದಿಲ್ಲ.

ಮೈಸೂರಿನವರು ಮುಖ್ಯವಾಗಿ ಗಮನಿಸಬೇಕಾದದ್ದು ಅಕ್ಷಾಂಶವನ್ನು. ಆಕಾಶದ ಜೊತೆ ತಿರುಗಬೇಕಾದರೆ ಮೌಂಟ್‌ನ ಮುಖ್ಯ ಅಕ್ಷ ಧ್ರುವ ನಕ್ಷತ್ರದ ಬಳಿಯ ಆಕಾಶದ ಧ್ರುವದತ್ತ ಮುಖ ಮಾಡಿರಬೇಕು. ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುತ್ತದೆ. ಈ ಮೌಂಟನ್ನು 5ರಿಂದ 65 ಡಿಗ್ರಿವರೆಗಿನ ಅಕ್ಷಾಂಶಕ್ಕೆ ಹೊಂದಿಸಬಹುದಾದ್ದರಿಂದ ಆ ಮಟ್ಟಿಗೆ ಚಿಂತೆಯಿಲ್ಲ. ಆದರೆ ಉತ್ತರದಲ್ಲಿ ತೆಂಗಿನ ಮರವೋ ಪಕ್ಕದ ಮನೆಯ ತಾರಸಿಯೋ ಅಡ್ಡ ನಿಂತರೆ, ಧ್ರುವ ನಕ್ಷತ್ರ ನೋಡಿ ಅಕ್ಷ ಹೊಂದಿಸಲೆಂದು ಜೊತೆಗೆ ಬರುವ ಪುಟ್ಟ ಧ್ರುವದರ್ಶಕದಿಂದ ಪ್ರಯೋಜನವಾಗದು. ಅಂಥಲ್ಲಿ ದಿಕ್ಸೂಚಿಯಿಂದ ಸ್ಥೂಲವಾಗಿ ಉತ್ತರಕ್ಕೆ ತಿರುಗಿಸಿ, ಕಾಣುವಷ್ಟು ಆಕಾಶದಲ್ಲೇ ಮೂರು ಚಿತ್ರ ತೆಗೆದು ಅಕ್ಷದ ದೋಷವನ್ನು ಲೆಕ್ಕ ಹಾಕುವ ತಂತ್ರಾಂಶವನ್ನು ಬಳಸಬೇಕು.

ಇನ್ನೊಂದು ತೊಡಕಿಗೂ ಇದೇ ಅಕ್ಷಾಂಶವೇ ಕಾರಣ. ಮುಖ್ಯ ಅಕ್ಷ ಇಲ್ಲಿ ನೆಲಕ್ಕೆ ಬಹುತೇಕ ಸಮಾಂತರವಾಗಿ ಮಲಗುವುದರಿಂದ, ದೂರದರ್ಶಕದ ತೂಕವನ್ನು ಸರಿದೂಗಿಸುವ ಪ್ರತಿಭಾರದ ಸರಳು ಕೆಳಗಿಳಿದಾಗ ಹೆಚ್ಚುಕಡಿಮೆ ನೆಟ್ಟಗೆ ನಿಂತು ಮುಕ್ಕಾಲಿಯ ಉತ್ತರದ ಕಾಲಿಗೆ ತೀರ ಸಮೀಪ ಬರುತ್ತದೆ. ಯಾವ ಕಂಪನಿಯ ಇಂಥ ಮೌಂಟ್ ಆದರೂ ಇದು ತಪ್ಪಿದ್ದಲ್ಲ. ಶಾಶ್ವತ ವೀಕ್ಷಣಾಲಯ ಕಟ್ಟುವವರು ಮುಕ್ಕಾಲಿಯನ್ನು ಬಿಟ್ಟು ತೆಳುವಾದ ಕಂಬ ನಿಲ್ಲಿಸುವುದೇ ಸರಿ.

ಅಳತೆಯ ವಿಷಯದಲ್ಲಿ ನನಗೆ ತುಂಬ ಸಂತೋಷ ಕೊಟ್ಟದ್ದು ಕುಂಭ ರಾಶಿಯ ಸಿವೈ ಅಕ್ವಾರಿ. ಸುಮಾರು 10.4 ಮತ್ತು 11.2 ಕಾಂತಿಮಾನಗಳ (ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ನಡುವೆ ಕೇವಲ 88 ನಿಮಿಷಕ್ಕೊಮ್ಮೆ ಏರಿಳಿಯುವ ಈ ನಕ್ಷತ್ರದ ಇಡೀ ಆವರ್ತನವನ್ನು ಒಂದೇ ರಾತ್ರಿಯಲ್ಲಿ ಹಿಡಿಯಬಹುದು. ಗಂಟೆಗಟ್ಟಲೆ ನಕ್ಷತ್ರ ಕ್ಯಾಮೆರಾದ ಅದೇ ಪಿಕ್ಸೆಲ್‌ಗಳ ಮೇಲೆ ಉಳಿದರೆ ಮಾತ್ರ ಧೂಳು, ಅಂಚಿನ ಕತ್ತಲೆಗಳಿಂದ ಬರುವ ದೋಷ ಅಳತೆಗೆ ನುಸುಳುವುದಿಲ್ಲ. ಒಂದು ನಕ್ಷತ್ರವನ್ನು ನೋಡುತ್ತ ಮೌಂಟ್‌ನ ಓಟವನ್ನು ತಿದ್ದುತ್ತಿರುವ ಗೈಡಿಂಗ್ ಕ್ಯಾಮೆರಾದ ನೆರವಿನಿಂದ ಈ ಮೌಂಟ್ ಆ ಕೆಲಸವನ್ನು ನೆಚ್ಚುವಂತೆ ಮಾಡುತ್ತದೆ. ಸುಮಾರು ಎಂಟು ನಿಮಿಷಕ್ಕೊಂದು ಸುತ್ತು ಬರುವ, ಅಕ್ಷವನ್ನು ತಿರುಗಿಸುವ ತಿರುಪಿನಂಥ ವರ್ಮ್ ಗೇರಿನ ಸಹಜ ಓಲಾಟವನ್ನೂ ಗೈಡಿಂಗ್ ಸರಿಪಡಿಸುತ್ತದೆ. ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ಯಾಮ್ಯೋತ್ತರ ರೇಖೆಯನ್ನು ನಕ್ಷತ್ರ ದಾಟಿದ ಮೇಲೆ ಮೌಂಟ್ ಮಗ್ಗುಲು ಬದಲಿಸಬೇಕಾಗಿ ಚಿತ್ರ ತಲೆಕೆಳಗಾಗುತ್ತದೆ, ಕಾಂತಿಯ ಏರಿಳಿತ ತೋರುವ ರೇಖಾನಕ್ಷೆಯಲ್ಲಿ ಮೆಟ್ಟಿಲು ಮೂಡುವ ಅಪಾಯವಿರುತ್ತದೆ. ಆದ್ದರಿಂದ ಗರಿಷ್ಠ ಕಾಂತಿಯ ಕ್ಷಣ ಆ ಹೊತ್ತಿಗೆ ಬೀಳದ ರಾತ್ರಿಯನ್ನೇ ಆರಿಸುವುದು ಮೇಲು. 1911ರಿಂದ ಇಂಥ ಅಳತೆಗಳನ್ನು ಕೂಡಿಡುತ್ತಿರುವ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘವಾದ ಎಎವಿಎಸ್ಒ ಸಂಸ್ಥೆಗೆ ನಮ್ಮ ಹಿತ್ತಲಿನ ಅಂಕಿಗಳೂ ಬೇಕು.

ಬೆಲ್ಟ್ ಚಾಲನೆಯಾದ್ದರಿಂದ ನಕ್ಷತ್ರವನ್ನು ಹಿಂಬಾಲಿಸುವಾಗ ಸದ್ದು ಕಡಿಮೆ. 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬೆಲೆ ಲಕ್ಷ ರೂಪಾಯಿ ಮೀರುವುದರಿಂದ, ಕ್ಯಾಮೆರಾ ಇಲ್ಲದೆ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೆ ಸಾಕೆನ್ನುವವರಿಗೆ ಕೈಯಿಂದ ತಿರುಗಿಸುವ ಸರಳ ಪೀಠದ ಡಾಬ್ಸೋನಿಯನ್ ದೂರದರ್ಶಕ ಕೊಳ್ಳಿರೆಂದೇ ಹೇಳುತ್ತೇನೆ. ಅಳೆಯುವವರು ಇದನ್ನು ತರಿಸುವಾಗ, ಕಂಬದ ತಲೆಗೆ ಕೂರಿಸುವ ಅಡಾಪ್ಟರನ್ನೂ ಜೊತೆಯಲ್ಲೇ ತರಿಸಿಕೊಳ್ಳಲಿ.