ಹೊಟ್ಟೆಯ ರಕ್ತನಾಳಕ್ಕೆ ಅಂಟಿನ ಇಂಜೆಕ್ಷನ್: ಸಿರೋಸಿಸ್ ರೋಗಿಗಳ ಮನೆಯವರು ತಿಳಿದಿರಬೇಕಾದದ್ದು

ಸಿರೋಸಿಸ್ (ಯಕೃತ್ತು ಗಟ್ಟಿಯಾಗಿ ಕೆಡುವ ಕಾಯಿಲೆ) ಇರುವ ನಮ್ಮ ಕಾಕಾ ರಕ್ತವಾಂತಿ ಮಾಡಿಕೊಂಡಾಗ ಗದಗಿನಿಂದ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಆ ಕಾಯಿಲೆಯಿಂದಾಗಿ ಹೊಟ್ಟೆಯ (ಜಠರದ) ಮೇಲ್ಭಾಗದಲ್ಲಿ ಉಬ್ಬಿದ್ದ ರಕ್ತನಾಳ ಒಡೆದಿತ್ತು. ಎಂಡೋಸ್ಕೋಪಿ ಮೂಲಕ, ಅಂದರೆ ಬಾಯಿಯಿಂದ ಕ್ಯಾಮೆರಾ ಪೈಪ್ ಇಳಿಸಿ, ಅದಕ್ಕೆ ಸಯನೊಅಕ್ರಿಲೇಟ್ ಎಂಬ ಅಂಟನ್ನು ಚುಚ್ಚಿ ರಕ್ತ ನಿಲ್ಲಿಸಿದರು. ಚಿಕಿತ್ಸೆಯ ಬಗ್ಗೆ ನನಗೆ ತಕರಾರಿಲ್ಲ. ಅದಿಲ್ಲದೆ ಕಾಕಾ ಉಳಿಯುವುದೇ ಅನುಮಾನವಿತ್ತು. ತಕರಾರಿರುವುದು ನಂತರ ನಡೆದದ್ದರ ಬಗ್ಗೆ.

ವಾರ್ಡಿನಲ್ಲಿಯೇ ಒಣಕೆಮ್ಮು, ಎದೆ ಬಿಗಿತ ಶುರುವಾಗಿದ್ದವು. ಪೈಪ್ ಹಾಕಿದ್ದರಿಂದ ಗಂಟಲು ಕೆರೆಯುತ್ತದೆ ಎಂದು ಹೇಳಿ ಡಿಸ್ಚಾರ್ಜ್ ಮಾಡಿದರು. ಅಣ್ಣಿಗೇರಿ ದಾಟುವಷ್ಟರಲ್ಲಿ ಕಾಕಾನಿಗೆ ಉಸಿರು ಹತ್ತಿ, ತುಟಿ ನೀಲಿಗಟ್ಟತೊಡಗಿತು. ಗದಗಿನಲ್ಲಿ ಸಿಟಿ ಸ್ಕ್ಯಾನ್ ನೋಡಿದ ಡಾಕ್ಟರು ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೆಂದು ಭಾವಿಸಿ, ರಕ್ತ ತೆಳುವಾಗಿಸುವ ಹೆಪರಿನ್ ಆರಂಭಿಸಲು ಹೇಳಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಇದ್ದದ್ದು ‘ಎಂಡೋಥೆರಪಿ (ಎಂಡೋಸ್ಕೋಪಿ ಮೂಲಕ ಚಿಕಿತ್ಸೆ) ಮಾಡಲಾಗಿದೆ’ ಎಂಬ ಒಂದೇ ಸಾಲು, ಅಂಟಿನ ಮಾತೇ ಇರಲಿಲ್ಲ. ಅಷ್ಟರಲ್ಲಿ ಕಾಕಾನ ಮಗಳು, “ಸರ್, ಹೊಟ್ಟ್ಯಾಗ ಅಂಟು ಹಾಕ್ಯಾರ್ರಿ” ಎಂದಳು. ಡಾಕ್ಟರು ಹೆಪರಿನ್ ಇಂಜೆಕ್ಷನ್ ತಡೆದು, ಸ್ಕ್ಯಾನಿನಲ್ಲಿ ರಕ್ತನಾಳ ಕಾಣಲೆಂದು ಚುಚ್ಚುವ ಡೈ ಕೊಡುವ ಮೊದಲು ತೆಗೆದ ಚಿತ್ರಗಳನ್ನು ಮತ್ತೆ ನೋಡಿದರು. ಶ್ವಾಸಕೋಶದ ರಕ್ತನಾಳದೊಳಗೆ ಬಿಳಿ ಗೆರೆಗಳು ಹೊಳೆಯುತ್ತಿದ್ದವು. ಎಕ್ಸ್-ರೇಯಲ್ಲಿ ಕಾಣಲೆಂದು ಅಂಟಿನೊಂದಿಗೆ ಬೆರೆಸುವ ಲಿಪಿಯೋಡಾಲ್‌ ಎಣ್ಣೆಯ ಗುರುತು ಅದು.

ಹೊಟ್ಟೆಯ ಇಂಥ ರಕ್ತನಾಳಗಳಿಂದ ಎಡ ಮೂತ್ರಪಿಂಡದ ಅಭಿಧಮನಿಗೆ ಅನೇಕರಲ್ಲಿ ಒಂದು ಅಡ್ಡದಾರಿ ಬೆಳೆದಿರುತ್ತದೆ. ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಅದರಲ್ಲಿ ಜಾರಿದರೆ, ಹೃದಯದ ಬಲಭಾಗ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ. ದಾರಿ ದೊಡ್ಡದಿದ್ದಷ್ಟೂ, ಒಮ್ಮೆಲೇ ಹಾಕಿದ ಅಂಟು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಚಿಕ್ಕ ಚೂರುಗಳು ಹೋದರೆ ಬಹಳಷ್ಟು ಜನರಿಗೆ ಗೊತ್ತೇ ಆಗುವುದಿಲ್ಲ. ದೊಡ್ಡವು ಪ್ರಾಣ ತೆಗೆಯಬಲ್ಲವು. ಈ ಅಂಟನ್ನು ಹೆಪರಿನ್ ಕರಗಿಸಲಾರದು, ಆದರೆ ಈಗಷ್ಟೇ ರಕ್ತ ಕಾರಿದ ರೋಗಿಯಲ್ಲಿ ಮತ್ತೆ ರಕ್ತಸ್ರಾವ ಮಾಡಿಸಬಲ್ಲದು. ಕಾಕಾನಿಗೆ ಕೊಟ್ಟದ್ದು ಆಕ್ಸಿಜನ್ ಮತ್ತು ಐಸಿಯು ನಿಗಾ ಮಾತ್ರ, ನಿಧಾನವಾಗಿ ಸುಧಾರಿಸಿದರು.

ಆದ್ದರಿಂದ ಯಾವ ಅಂಟು, ಎಷ್ಟು ಮಿ.ಲೀ. ಹಾಕಿದರೆಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ. ಕೆಮ್ಮು, ಎದೆನೋವು, ದಮ್ಮು ಕಂಡರೆ ಬೆರಳಿಗೆ ಆಕ್ಸಿಮೀಟರ್ ಹಾಕಿಸಿ, ಅಂಟು ಶ್ವಾಸಕೋಶಕ್ಕೆ ಹೋಗಿರಬಹುದೇ ಎಂದು ನೇರವಾಗಿ ಕೇಳಿ. ರಕ್ತ ನಿಂತು, ಮತ್ತೊಮ್ಮೆ ಅಂಟು ಹಾಕುವ ಮಾತು ಬಂದರೆ, ಅಡ್ಡದಾರಿ ಇದೆಯೇ ಎಂದು ಮೊದಲೇ ಸಿಟಿಯಲ್ಲಿ ನೋಡಿಸಿ. ಅದು ದೊಡ್ಡದಿದ್ದರೆ ಆ ದಾರಿಯನ್ನೇ ಮುಚ್ಚುವ ಬೇರೆ ವಿಧಾನಗಳೂ ಇವೆ.