ವೆಸ್ಟರ್ನ್ ಡಿಜಿಟಲ್ ಮೈ ಪಾಸ್‌ಪೋರ್ಟ್: ಬ್ಯಾಕಪ್‌ಗೆ ಎಷ್ಟು ನಂಬಬಹುದು?

ಮನೆಯ ಫೋಟೊಗಳನ್ನೂ ಜಮೀನಿನ ದಾಖಲೆಗಳ ಸ್ಕ್ಯಾನ್ ಪ್ರತಿಗಳನ್ನೂ ಕಾಪಾಡಿಕೊಳ್ಳಲು ನಾನು ಬಳಸುತ್ತಿರುವುದು 2 ಟಿಬಿ ಸಾಮರ್ಥ್ಯದ ಮೈ ಪಾಸ್‌ಪೋರ್ಟ್ ಎಂಬ ಪೋರ್ಟಬಲ್ ಹಾರ್ಡ್ ಡಿಸ್ಕ್. ಇದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಡ. ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತದೆ. ವಿಂಡೋಸ್‌ನಲ್ಲಿ 1.81 ಟಿಬಿ ಎಂದಷ್ಟೇ ಕಾಣಿಸುವುದು ದೋಷವಲ್ಲ, ತಯಾರಕರ ಮತ್ತು ವಿಂಡೋಸ್‌ನ ಲೆಕ್ಕದ ಪದ್ಧತಿ ಬೇರೆ ಎಂಬುದಷ್ಟೇ ಕಾರಣ. ದೊಡ್ಡ ವಿಡಿಯೊಗಳು ಬೇಗ ನಕಲಾಗುತ್ತವೆ, ಸಾವಿರಾರು ಸಣ್ಣ ಕಡತಗಳಿದ್ದರೆ ಮಾತ್ರ ತಾಳ್ಮೆ ಬೇಕು.

ವಿಶ್ವಾಸಾರ್ಹತೆಯ ಪ್ರಶ್ನೆಗೆ ಉತ್ತರ ಇದರ ಒಳರಚನೆಯಲ್ಲಿದೆ. ರಭಸದಿಂದ ತಿರುಗುವ ತಟ್ಟೆಗಳ ಮೇಲೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಅಂತರದಲ್ಲಿ ಓದುವ ಹೆಡ್ ತೇಲುತ್ತಿರುವುದರಿಂದ, ಡ್ರೈವ್ ಚಾಲನೆಯಲ್ಲಿರುವಾಗ ಮೇಜಿನಿಂದ ಒಮ್ಮೆ ಬಿದ್ದರೂ ಎಲ್ಲವೂ ಕೈತಪ್ಪಬಹುದು. ಆದ್ದರಿಂದ ಸಮತಟ್ಟಾದ ಜಾಗದಲ್ಲಿಟ್ಟು, ‘ಇಜೆಕ್ಟ್’ ಮಾಡಿದ ಬಳಿಕವೇ ಕೇಬಲ್ ತೆಗೆಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ‘ರೀಅಲೊಕೇಟೆಡ್ ಸೆಕ್ಟರ್ಸ್’ (ಡಿಸ್ಕ್‌ನಲ್ಲಿ ಕೆಟ್ಟು, ಮೀಸಲು ಜಾಗಕ್ಕೆ ಬದಲಾಯಿಸಲಾದ ಭಾಗಗಳ ಎಣಿಕೆ) ಎಂಬ ಸಾಲನ್ನು ಆಗಾಗ ನೋಡುತ್ತೇನೆ. ಆ ಸಂಖ್ಯೆ ಏರತೊಡಗಿದರೆ ಅಥವಾ ಟಿಕ್ ಟಿಕ್ ಸದ್ದು ಕೇಳಿಸಿದರೆ ಮೊದಲು ಮಾಡಬೇಕಾದದ್ದು ಮುಖ್ಯ ಕಡತಗಳನ್ನು ಬೇರೆಡೆಗೆ ನಕಲಿಸುವುದು. ವಾರಂಟಿಯಿಂದ ಹೊಸ ಡ್ರೈವ್ ಸಿಗಬಹುದೇ ಹೊರತು ಮಾಹಿತಿ ಮರಳಿ ಬರುವುದಿಲ್ಲ, ಇದನ್ನು ಕೊಳ್ಳುವವರೆಲ್ಲರೂ ತಿಳಿದಿರಬೇಕೆಂದು ನನ್ನ ಕಳಕಳಿ.

ಪಾಸ್‌ವರ್ಡ್ ಹಾಕಿ ಬೀಗವಿಡುವ ಸೌಲಭ್ಯ ಉತ್ತಮವಾಗಿದೆ, ಆದರೆ ಅದು ಮರೆತುಹೋದರೆ ಒಳಗಿನ ಕಡತಗಳನ್ನು ತೆರೆಯುವ ದಾರಿಯಿಲ್ಲ. ಎರಡನೆಯ ಪ್ರತಿಯಾಗಿ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಲ್ಯಾಪ್‌ಟಾಪ್‌ನಿಂದ ಅಳಿಸಿ ಇದರಲ್ಲಿ ಮಾತ್ರ ಉಳಿಸುವವರಿಗೆ ಖಂಡಿತ ಇಲ್ಲ.