‘ಅಸಡ್ಡೆ’ ಎಂಬ ಪದವನ್ನು ಹಿಡಿದು ಕಲಿಸಿದವರು

ಕಲಬುರಗಿಯ ಖಾಸಗಿ ತರಬೇತಿ ಕೇಂದ್ರವೊಂದು ಸಮಾಜಕಾರ್ಯ ವಿದ್ಯಾರ್ಥಿಗಳಿಗಾಗಿ ನಡೆಸಿದ ಎರಡು ದಿನಗಳ ವಿಮರ್ಶಾತ್ಮಕ ಆತ್ಮಾವಲೋಕನದ ಶಿಬಿರದಲ್ಲಿ, ಕ್ಷೇತ್ರಕಾರ್ಯದ ಮೇಲ್ವಿಚಾರಕಿಯಾಗಿ ನಾನೂ ನಮ್ಮ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಜೊತೆ ಕುಳಿತಿದ್ದೆ. ಎಷ್ಟು ಮನೆಗಳಿಗೆ ಹೋದೆವು, ಯಾರನ್ನು ಕಂಡೆವು ಎಂಬುದೆಲ್ಲ ಇವರ ವರದಿಗಳಲ್ಲಿ ಇರುತ್ತದೆ; ಕಂಡದ್ದನ್ನು ತಾವು ಹಾಗೆಯೇ ಏಕೆ ಅರ್ಥ ಮಾಡಿಕೊಂಡೆವು ಎಂಬ ಪ್ರಶ್ನೆ ಮಾತ್ರ ಇರುವುದಿಲ್ಲ. ಮೊದಲ ದಿನ ಆ ಪ್ರಶ್ನೆಯನ್ನು ಕಲಿಸಿದ ರೀತಿಗೆ ನಾನು ಮನಸಾರೆ ಮೆಚ್ಚುಗೆ ಸೂಚಿಸುತ್ತೇನೆ.

ವಿದ್ಯಾರ್ಥಿನಿಯೊಬ್ಬಳು ತನ್ನ ಕ್ಷೇತ್ರಕಾರ್ಯದ ದಿನಚರಿಯಲ್ಲಿ, ತಾನು ಭೇಟಿಯಾದ ತಾಯಿಯ ಬಗ್ಗೆ ‘ಮಗುವನ್ನು ಅಂಗನವಾಡಿಗೆ ಕಳುಹಿಸಲು ಅಸಡ್ಡೆ’ ಎಂದು ಬರೆದಿದ್ದಳು. ತರಬೇತುದಾರರು ಅದನ್ನು ತಿದ್ದಲಿಲ್ಲ. ‘ಅಸಡ್ಡೆ’ಯ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಆ ತಾಯಿ ಆಡಿದ ಮಾತನ್ನು ಆಡಿದ ಹಾಗೆಯೇ ಹೇಳುವಂತೆ ಕೇಳಿದರು. ‘ನಾ ಏಳಕ್ಕೇ ತೊಗರಿ ಹೊಲಕ್ಕ ಕೂಲಿಗೆ ಹೋಗ್ತೀನ್ರಿ, ಅಂಗನವಾಡಿ ತೆರಿಯೋದು ಹತ್ತಕ್ಕ’ ಎನ್ನುತ್ತಲೇ ಹುಡುಗಿಯ ದನಿ ತಗ್ಗಿತು. ಯಾರೂ ಹೇಳದೆಯೇ ಆ ಪದವನ್ನು ಹೊಡೆದುಹಾಕಿದಳು. ಕೆಲಸ ಮಾಡುತ್ತಲೇ ಯೋಚಿಸುವುದು ಬೇರೆ, ಮುಗಿದ ಮೇಲೆ ಅದನ್ನು ಕುರಿತು ಯೋಚಿಸುವುದು ಬೇರೆ ಎಂದು ವೃತ್ತಿಪರರ ಕಲಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ಚಿಂತಕ ಡೊನಾಲ್ಡ್ ಶೋನ್ 1983ರಲ್ಲಿ ವಿವರಿಸಿದ್ದನ್ನು ತರಬೇತುದಾರರು ಈ ಘಟನೆಯ ನಂತರ ಹೇಳಿದ್ದರಿಂದ, ಎಲ್ಲರಿಗೂ ಅದು ತಟ್ಟನೆ ತಿಳಿಯಿತು.

ಎರಡನೆಯ ದಿನ ಆ ಮಟ್ಟ ಉಳಿಯಲಿಲ್ಲ. ವಿವರಣೆ, ಭಾವನೆ, ಮೌಲ್ಯಮಾಪನ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ ಎಂಬ, ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ರೂಪಿಸಿದ ಆರು ಹಂತಗಳ ಇಂಗ್ಲಿಷ್ ಜೆರಾಕ್ಸ್ ಹಾಳೆಯನ್ನು ಹಂಚಿದರು. ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ ಆಡುವ ಮಕ್ಕಳು ಅದನ್ನು ಅರ್ಜಿ ಫಾರಂ ತುಂಬಿದಂತೆ ತುಂಬಿಕೊಟ್ಟರು. ಈ ಹಂತಗಳಲ್ಲಿ ಅಧಿಕಾರದ ಪ್ರಶ್ನೆ ತಾನಾಗಿ ಏಳುವುದಿಲ್ಲ. ಸಮಾಜಕಾರ್ಯದ ವಿದ್ವಾಂಸೆ ಜ್ಯಾನ್ ಫೂಕ್ ಅವರಂತಹವರು ಒತ್ತಿ ಹೇಳುವುದು ಅದನ್ನೇ: ವರದಿ ಬರೆಯುವವರು ಯಾರು, ಬರೆಸಿಕೊಳ್ಳುವವರು ಯಾರು, ನಮ್ಮ ಜಾತಿ, ಓದು, ಪೇಟೆಯ ಮಾತು ಆ ಮನೆಯ ಹೊಸ್ತಿಲಲ್ಲಿ ಏನು ಮಾಡುತ್ತವೆ? ಇವನ್ನು ಕೇಳದಿದ್ದರೆ ಆತ್ಮಾವಲೋಕನ ನಡೆದೀತು, ಅದು ವಿಮರ್ಶಾತ್ಮಕವಾಗದು. ಬರಹಗಳಿಗೆ ಅಂಕ ಕೊಟ್ಟದ್ದೂ ತಪ್ಪು. ಅಂಕ ಇದೆ ಎಂದರೆ ಮಕ್ಕಳು ತಮ್ಮ ತಪ್ಪನ್ನು ಬರೆಯುವುದಿಲ್ಲ, ನಮಗೆ ಮೆಚ್ಚುಗೆಯಾಗುವ ತಪ್ಪನ್ನು ಬರೆಯುತ್ತಾರೆ.

ಮುಂದಿನ ತಂಡವನ್ನೂ ಕಳುಹಿಸುತ್ತೇನೆ. ಹಾಳೆ ಕನ್ನಡದಲ್ಲಿರಲಿ, ಅಂಕ ಬೇಡ, ಎರಡನೆಯ ದಿನವೂ ಮಕ್ಕಳ ದಿನಚರಿಗಳನ್ನೇ ಮುಂದಿಟ್ಟುಕೊಳ್ಳಿ ಎಂದು ಕೇಂದ್ರದವರಿಗೆ ಬರೆದುಕೊಟ್ಟು ಬಂದಿದ್ದೇನೆ.